ಉಜ್ಬೆಕ್ ಮೂಲಗಳನ್ನು ಓದುವುದು: ಮಧ್ಯ ಏಷ್ಯಾ ಅಧ್ಯಯನದಲ್ಲಿ ನನ್ನ ಅನುಭವ

ಮಧ್ಯ ಏಷ್ಯಾ ಅಂದರೆ ಐದು ದೇಶ. ಎಂ.ಎ. ಪ್ರಬಂಧಕ್ಕೆ ಐದನ್ನೂ ಹಿಡಿಯಲು ಹೋದರೆ ಒಂದೂ ದಕ್ಕುವುದಿಲ್ಲ. ನಾನು ಉಜ್ಬೆಕಿಸ್ತಾನವನ್ನು ಆಳವಾಗಿ ಓದಲು ಇಟ್ಟುಕೊಂಡು, ಹೋಲಿಕೆಗೆ ತಜಿಕಿಸ್ತಾನವನ್ನು ಮಾತ್ರ ಸೇರಿಸಿಕೊಂಡೆ. ಸಮರ್ಕಂದ್, ಬುಖಾರಾ ನಗರಗಳಲ್ಲಿ ಇವತ್ತಿಗೂ ತಜಿಕ್ ಮಾತಾಡುವವರು ಬಹಳ ಮಂದಿ ಇರುವುದರಿಂದ ಆ ಹೋಲಿಕೆ ತಾನಾಗಿಯೇ ಬರುತ್ತದೆ.

ಮೊದಲು ರಷ್ಯನ್ ಕಲಿಯಿರಿ ಎಂದು ಹೆಚ್ಚಿನವರು ಹೇಳುತ್ತಾರೆ. ಸೋವಿಯತ್ ಕಾಲದ ಕಚೇರಿ ಕಾಗದ, ಅಂಕಿಅಂಶ ಬಹುಪಾಲು ರಷ್ಯನ್‌ನಲ್ಲೇ ಇರುವುದು ನಿಜ. ಆದರೆ ಕನ್ನಡದವರಿಗೆ ನನ್ನ ಸಲಹೆ ಬೇರೆ: ಮೊದಲ ಸೆಮಿಸ್ಟರಿನಿಂದಲೇ ಉಜ್ಬೆಕ್ ಹಿಡಿಯಿರಿ, ರಷ್ಯನ್ ಓದುವಷ್ಟು ಎರಡನೆಯದರಲ್ಲಿ ಸಾಕು. ಉಜ್ಬೆಕ್ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿ ಪ್ರತ್ಯಯಗಳು ನಾಮಪದಕ್ಕೆ ಹಿಂದಿನಿಂದ ಅಂಟುತ್ತವೆ. 'ಮೆನ್ ಓಕಿಗನ್ ಕಿತೋಬ್' ಅಂದರೆ 'ನಾನು ಓದಿದ ಪುಸ್ತಕ', ಪದಕ್ಕೆ ಪದ ಅದೇ ಕ್ರಮ. ಇಂಗ್ಲಿಷ್ ಪಠ್ಯಪುಸ್ತಕ ಇದನ್ನು ವಿವರಿಸಲು ಪಾಠಗಟ್ಟಲೆ ತೆಗೆದುಕೊಳ್ಳುತ್ತದೆ. ಆ ವಿವರಣೆ ಬಿಟ್ಟು, ಪ್ರತಿ ಉಜ್ಬೆಕ್ ಸಾಲಿನ ಕೆಳಗೆ ನೇರವಾಗಿ ಕನ್ನಡ ಬರೆಯಿರಿ. ದಿನಕ್ಕೆ ಒಂದು ಪತ್ರಿಕಾ ವರದಿ, ಹದಿನೈದು ಸಾಲು, ಬಿಡದೆ ಮಾಡಿದರೆ ವರ್ಷದೊಳಗೆ ನಿಘಂಟು ಹಿಡಿದು ಕಾನೂನಿನ ಪಠ್ಯ ಓದಬಹುದು.

ನಿಜವಾದ ಕಷ್ಟ ಲಿಪಿಯದ್ದು. 1920ರ ದಶಕದ ಕೊನೆಯವರೆಗೆ ಅರೇಬಿಕ್ ಲಿಪಿ, ಆಮೇಲೆ ಲ್ಯಾಟಿನ್, 1940ರಲ್ಲಿ ಸಿರಿಲಿಕ್. 1993ರ ಕಾಯ್ದೆಯಿಂದ ಮತ್ತೆ ಲ್ಯಾಟಿನ್, ಅದರ ಅಕ್ಷರಗಳೂ 1995ರಲ್ಲಿ ಬದಲಾದವು. ಸಿರಿಲಿಕ್ ಇನ್ನೂ ಬಳಕೆಯಲ್ಲಿದೆ. ಹಾಗಾಗಿ ಸೋವಿಯತ್ ಉಜ್ಬೆಕಿಸ್ತಾನದ ಸರ್ಕಾರದ ಮುಖ್ಯಸ್ಥರಾಗಿದ್ದು 1938ರಲ್ಲಿ ಗುಂಡಿಗೆ ಬಲಿಯಾದ ಫೈಜುಲ್ಲಾ ಖೋಜಾಯೆವ್ ಅವರ ಹೆಸರನ್ನು ಗ್ರಂಥಾಲಯದ ಸೂಚಿಯಲ್ಲಿ ಒಂದೇ ಕಾಗುಣಿತದಲ್ಲಿ ಹುಡುಕಿದರೆ ಅರ್ಧ ಸಾಮಗ್ರಿ ಕಾಣಿಸುವುದೇ ಇಲ್ಲ. ಮೊದಲ ವಾರದಲ್ಲೇ ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಪ್ರತಿ ವ್ಯಕ್ತಿ, ಊರು, ಸಂಸ್ಥೆಗೂ ಒಂದು ಸಾಲು. ಅರೇಬಿಕ್, ಹಳೆಯ ಲ್ಯಾಟಿನ್, ಉಜ್ಬೆಕ್ ಸಿರಿಲಿಕ್, ರಷ್ಯನ್ ರೂಪ, ಹೊಸ ಲ್ಯಾಟಿನ್, ಇಂಗ್ಲಿಷ್ ರೂಪ ಎಂದು ಆರು ಕಾಲಂ.

ಸ್ಕ್ಯಾನ್ ಮಾಡಿದ ಹಳೆಯ ಪತ್ರಿಕೆಗಳಲ್ಲಿ ಇನ್ನೊಂದು ತೊಡಕು. ಉಜ್ಬೆಕ್ ಸಿರಿಲಿಕ್‌ನ ಕ, ಹ ಅಕ್ಷರಗಳಿಗೆ ಪುಟ್ಟ ಬಾಲವಿದೆ, ಗ ಅಕ್ಷರಕ್ಕೆ ಅಡ್ಡಗೆರೆಯಿದೆ. ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ತಂತ್ರಾಂಶವನ್ನು ರಷ್ಯನ್‌ಗೆ ಹೊಂದಿಸಿದ್ದರೆ ಇವೆಲ್ಲ ಮಾಯವಾಗಿ ಬೋಳು ಅಕ್ಷರಗಳಾಗುತ್ತವೆ. ಆದ್ದರಿಂದ ಪ್ರತಿ ಪದವನ್ನು ಸರಿಯಾದ ಅಕ್ಷರದಲ್ಲಿ ಒಮ್ಮೆ, ಬೋಳು ಅಕ್ಷರದಲ್ಲಿ ಒಮ್ಮೆ ಹುಡುಕಬೇಕು. ಹೊಸ ಲ್ಯಾಟಿನ್‌ನಲ್ಲಿ ಓ ಮತ್ತು ಗ ಅಕ್ಷರಗಳ ಪಕ್ಕ ಮೇಲ್ಗಡೆ ತಲೆಕೆಳಗಾದ ಅಲ್ಪವಿರಾಮದಂಥ ಒಂದು ಗುರುತು ಬರುತ್ತದೆ. ಜನ ಅದನ್ನು ಕೀಬೋರ್ಡಿನಲ್ಲಿ ಕೈಗೆ ಸಿಕ್ಕಿದ ಉದ್ಧರಣ ಚಿಹ್ನೆಯಿಂದ ಟೈಪ್ ಮಾಡುತ್ತಾರೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಮೂರು ನಾಲ್ಕು ಬೇರೆ ಬೇರೆ ಸಂಕೇತ. ಹುಡುಕುವ ಮುನ್ನ ನಿಮ್ಮ ಕಡತಗಳಲ್ಲಿ ಅವನ್ನೆಲ್ಲ ಒಂದೇ ಚಿಹ್ನೆಗೆ ಬದಲಿಸಿಕೊಳ್ಳಿ.

ತಾರೀಖುಗಳೂ ಹಾಗೆಯೇ. 1918ರ ಫೆಬ್ರವರಿಗೆ ಮುಂಚಿನ ರಷ್ಯನ್ ದಾಖಲೆಗಳು ಹಳೆಯ (ಜೂಲಿಯನ್) ಪಂಚಾಂಗದವು: ಇಂದಿನ ಪಂಚಾಂಗಕ್ಕಿಂತ 19ನೇ ಶತಮಾನದಲ್ಲಿ 12 ದಿನ, 20ನೆಯದರಲ್ಲಿ 13 ದಿನ ಹಿಂದೆ. ಟಿಪ್ಪಣಿಯಲ್ಲಿ ಎರಡೂ ತಾರೀಖು ಬರೆಯಿರಿ.

ಅಂಕಿಅಂಶಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಒಳ್ಳೆಯ ಪ್ರಬಂಧಗಳೂ ಕುಸಿಯುವುದು ಇಲ್ಲೇ. 1897ರ ಗಣತಿಯಲ್ಲಿ 'ಸಾರ್ತ್' (ಊರು, ಪಟ್ಟಣಗಳಲ್ಲಿ ನೆಲೆನಿಂತ ಜನರಿಗಿದ್ದ ಹೆಸರು) ಎಂಬ ವರ್ಗವಿತ್ತು, 1926ರದ್ದರಲ್ಲಿ ಇಲ್ಲ. ನಡುವೆ 1924ರಲ್ಲಿ ಗಡಿಗಳನ್ನು ಹೊಸದಾಗಿ ಎಳೆದು ಉಜ್ಬೆಕ್ ಗಣರಾಜ್ಯ ಮಾಡಿದ್ದರು, ತಜಿಕಿಸ್ತಾನ 1929ರವರೆಗೆ ಅದರೊಳಗೇ ಇತ್ತು. ಎರಡು ಗಣತಿಗಳನ್ನು ಅಕ್ಕಪಕ್ಕ ಇಟ್ಟು 'ಉಜ್ಬೆಕರು ಇಷ್ಟು ಹೆಚ್ಚಿದರು' ಎಂದು ಬರೆದರೆ ಅದು ಜನ ಹೆಚ್ಚಿದ ಲೆಕ್ಕವಲ್ಲ, ಹೆಸರು ಮತ್ತು ಗಡಿ ಬದಲಾದ ಲೆಕ್ಕ. ಹತ್ತಿಯದ್ದು ಇನ್ನೂ ಗಂಭೀರ. 1970ರ ದಶಕದ ಕೊನೆ, 80ರ ದಶಕದ ಆರಂಭದಲ್ಲಿ ಬೆಳೆಯದ ಹತ್ತಿಯನ್ನು ಬೆಳೆದಂತೆ ಮಾಸ್ಕೋಗೆ ಲೆಕ್ಕ ಕೊಟ್ಟದ್ದು 'ಹತ್ತಿ ಪ್ರಕರಣ'ವಾಗಿ ಹೊರಬಂತು. ಆ ವರ್ಷಗಳ ಉತ್ಪಾದನೆಯ ಅಂಕಿಯನ್ನು ಬೆಳೆಯ ಸಾಕ್ಷ್ಯವಾಗಿ ಬಳಸಬೇಡಿ. ಆಡಳಿತದ ಮೇಲೆ ಗುರಿ ತಲುಪುವ ಒತ್ತಡ ಎಷ್ಟಿತ್ತು ಎಂಬುದಕ್ಕೆ ಸಾಕ್ಷ್ಯವಾಗಿ ಅದು ಅಮೂಲ್ಯ.

ಕ್ಷೇತ್ರಕಾರ್ಯಕ್ಕೆ ಬಂದರೆ, ಬಹುತೇಕರು ಹೋಗಿ ನಿಲ್ಲುವುದು ಮಹಲ್ಲಾದಲ್ಲಿ. ಅದನ್ನು ಬರೀ ಹಳೆಯ ನೆರೆಹೊರೆಯ ಕಟ್ಟು ಎಂದುಕೊಂಡರೆ ರಾಜಕೀಯ ಕೈತಪ್ಪುತ್ತದೆ. 1993ರ ಇನ್ನೊಂದು ಕಾಯ್ದೆ ಅದನ್ನು ಸ್ವಯಮಾಡಳಿತ ಸಂಸ್ಥೆಯಾಗಿ ಸರ್ಕಾರದ ವ್ಯವಸ್ಥೆಗೆ ಜೋಡಿಸಿತು, 1994ರಿಂದ ಬಡ ಕುಟುಂಬಗಳ ಸಹಾಯಧನವೂ ಅದರ ಮೂಲಕ ಹೋಗತೊಡಗಿತು. ಮಹಲ್ಲಾದ ಹಿರಿಯರು, ಅಂದರೆ ಓಕ್ಸೋಕೋಲ್, ಪಕ್ಕದಲ್ಲಿ ಕೂತಿರುವಾಗ ಮಾಡಿದ ಸಂದರ್ಶನದಲ್ಲಿ ಸಹಾಯಧನದ ಬಗ್ಗೆ ನೇರ ಮಾತು ಬರುವುದಿಲ್ಲ. ಅವರನ್ನು ಮೊದಲು ಕಂಡು, ಗೌರವದಿಂದ ಮಾತಾಡಿಸಿ ಅನುಮತಿ ಪಡೆಯಿರಿ. ಮನೆಯವರನ್ನು ಬೇರೆ ದಿನ, ಬೇರೆಯಾಗಿ ಕೇಳಿ.

ಸಂದರ್ಶನದ ಟಿಪ್ಪಣಿಯನ್ನು ನಾನು ಇಂಗ್ಲಿಷಿನಲ್ಲಿ ಬರೆಯುವುದಿಲ್ಲ. ಉಜ್ಬೆಕ್‌ನಲ್ಲಿ 'ಕೆಲ್ದಿ' ಅಂದರೆ ಬಂದ. 'ಕೆಲಿಬ್ದಿ' ಅಂದರೆ ಬಂದಿದ್ದಾನಂತೆ, ಇಲ್ಲವೇ ಬಂದ ಹಾಗಿದೆ: ಹೇಳುವವರು ಕಣ್ಣಾರೆ ನೋಡಿಲ್ಲ. 'ಹೊಕಿಮ್ (ಸ್ಥಳೀಯ ಆಡಳಿತದ ಮುಖ್ಯಸ್ಥ) ಕಡೆಯವರು ಬಂದರು' ಎನ್ನುವುದಕ್ಕೂ 'ಬಂದಿದ್ದರಂತೆ' ಎನ್ನುವುದಕ್ಕೂ ಸಾಕ್ಷ್ಯವಾಗಿ ಎಷ್ಟು ಅಂತರ! ಇಂಗ್ಲಿಷ್ ಟಿಪ್ಪಣಿಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ, ಕನ್ನಡದಲ್ಲಿ ಉಳಿಯುತ್ತದೆ. ಮೂಲ ಉಜ್ಬೆಕ್ ಕ್ರಿಯಾಪದ, ಅದರ ಮುಂದೆ ಕನ್ನಡ, ಅಂಚಿನಲ್ಲಿ ಕಂಡದ್ದೋ ಕೇಳಿದ್ದೋ ಎಂಬ ಗುರುತು; ಇಷ್ಟನ್ನೂ ಅದೇ ದಿನ ರಾತ್ರಿ ಬರೆದು ಮುಗಿಸಿ. ಪ್ರಬಂಧವನ್ನು ಇಂಗ್ಲಿಷಿಗೆ ಇಳಿಸುವಾಗ ಅಂಚಿನ ಆ ಗುರುತನ್ನು ಅಡಿಟಿಪ್ಪಣಿಗೆ ಸೇರಿಸಿದರೆ, ಯಾವ ಮಾತು ಎಷ್ಟು ಭಾರ ಹೊರುತ್ತದೆ ಎಂದು ಪರೀಕ್ಷಕರಿಗೂ ತಿಳಿಯುತ್ತದೆ.