ನೇಲ್ ಕೋರ್ಸ್ ಹುಡುಕುವಾಗ ನಾನು ಮೊದಲು ಕೇಳಿದ್ದು: ತೆಗೆಯುವುದನ್ನು ಕಲಿಸುತ್ತೀರಾ?

ನೇಲ್ ಎಕ್ಸ್‌ಟೆನ್ಷನ್, ಅಂದರೆ ಸ್ವಂತ ಉಗುರಿನ ಮೇಲೆ ಉದ್ದದ ಕೃತಕ ಉಗುರು ಕೂರಿಸುವುದನ್ನು, ಕಲಿಸುವವರ ಬಳಿ ವಿಚಾರಿಸಲು ಹೋದಲ್ಲೆಲ್ಲ ಫೀಸಿಗಿಂತ ಮೊದಲು ನಾನು ಒಂದು ಪ್ರಶ್ನೆ ಇಡುತ್ತಿದ್ದೆ: ಹಾಕಿದ ಉಗುರನ್ನು ತೆಗೆಯುವುದನ್ನು ಎಷ್ಟು ಹೊತ್ತು ಕಲಿಸುತ್ತೀರಿ? "ಅದೇನು ದೊಡ್ಡ ವಿಷಯ, ಅಸಿಟೋನ್‌ನಲ್ಲಿ ನೆನೆಸಿದರೆ ಬಂದುಬಿಡುತ್ತೆ" ಎಂದವರೇ ಹೆಚ್ಚು. ಅಂಥ ಕಡೆ ನಾನು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ.

ಇದಕ್ಕೆ ಕಾರಣ ನನ್ನ ಪಾರ್ಲರ್. ಬೆಳ್ತಂಗಡಿ ತಾಲೂಕಿನಲ್ಲಿ ಸಣ್ಣದೊಂದು ಪಾರ್ಲರ್ ಇಟ್ಟುಕೊಂಡಿದ್ದೇನೆ. ಕೋರ್ಸ್‌ಗೆ ಸೇರುವ ಮೊದಲು ಅಲ್ಲಿ ಥ್ರೆಡಿಂಗ್, ಫೇಶಿಯಲ್, ಮ್ಯಾನಿಕ್ಯೂರ್, ಮದುಮಗಳ ಮೇಕಪ್ ಮಾತ್ರ ಮಾಡುತ್ತಿದ್ದೆ. ಮದುವೆಗೆಂದು ಎಲ್ಲೋ ಉದ್ದ ಉಗುರು ಹಾಕಿಸಿಕೊಂಡು, ಮದುವೆ ಮುಗಿದ ಮೇಲೆ ಹಲ್ಲಿನಲ್ಲಿ ಕಚ್ಚಿ ಕಿತ್ತೋ, ಯಾರೋ ಚಾಕುವಿನ ತುದಿಯಿಂದ ಎಬ್ಬಿಸಿಯೋ, ಕೊನೆಗೆ ಬೆರಳು ಮುಚ್ಚಿಕೊಂಡು ನನ್ನ ಬಳಿ ಬರುವ ಹುಡುಗಿಯರಿದ್ದರು. ಅವರ ಉಗುರು ಒತ್ತಿದರೆ ಬಾಗುತ್ತಿತ್ತು, ಬಿಸಿನೀರು ತಾಗಿದರೆ ಉರಿಯುತ್ತಿತ್ತು. ಕೆಲವರಿಗೆ ಕ್ಯೂಟಿಕಲ್‌ನ (ಉಗುರಿನ ಬುಡದ ಚರ್ಮದ) ಪಕ್ಕದಲ್ಲೇ ಅರ್ಧಚಂದ್ರಾಕಾರದ ಕೆಂಪು ಗೆರೆ. ಉಗುರು ಉಜ್ಜುವ ಡ್ರಿಲ್ ಮಷಿನ್ನಿನ ಬಿಟ್ಟನ್ನು ಓರೆಯಾಗಿ ಒತ್ತಿ ಉಗುರನ್ನೇ ಕೊರೆದ ಗುರುತು ಅದು. ಕೈಬೆರಳ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಬುಡದಲ್ಲಿ ಆದ ಗಾಯ ತುದಿಗೆ ಬಂದು ಕತ್ತರಿಸಿ ಹೋಗಲು ಹತ್ತಿರ ಹತ್ತಿರ ಆರು ತಿಂಗಳು ಬೇಕು. ಈ ಹುಡುಗಿಯರಿಗೆ ಎಣ್ಣೆ ಹಚ್ಚಿ, ಉಗುರು ಗಿಡ್ಡ ಮಾಡಿ ಕಳಿಸುವುದು ಬಿಟ್ಟರೆ ನನ್ನಿಂದ ಬೇರೇನೂ ಆಗುತ್ತಿರಲಿಲ್ಲ. ಈ ಕೆಲಸ ಕಲಿಯಬೇಕು, ಕಲಿತರೆ ಉಗುರು ಉಳಿಸುವಂತೆ ಕಲಿಯಬೇಕು ಎಂದು ನಿರ್ಧರಿಸಿದ್ದು ಅವರ ಕೈ ನೋಡಿಯೇ.

ಪಾರ್ಲರ್ ಕೆಲಸದ ಅಡಿಪಾಯ ನನಗೆ ಸಿಕ್ಕಿದ್ದು ಹಳ್ಳಿಯವರಿಗೆ ಸ್ವಉದ್ಯೋಗದ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆಯಲ್ಲಿ. 1982ರಲ್ಲಿ ಅಲ್ಲಿ ಶುರುವಾದ ಆ ಮಾದರಿಯನ್ನೇ ಇಟ್ಟುಕೊಂಡು ಈಗ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳಿವೆ. ಬ್ಯೂಟಿ ಪಾರ್ಲರ್ ತರಬೇತಿ, ಊಟ, ವಸತಿ ಎಲ್ಲ ಉಚಿತ. ಕೈಯಲ್ಲಿ ದುಡ್ಡಿಲ್ಲದ ಹೆಣ್ಣುಮಕ್ಕಳು ಯಾರೇ ಕೇಳಲಿ, ಮೊದಲು ಅಲ್ಲಿಗೆ ಹೋಗಿ ಎನ್ನುತ್ತೇನೆ. ಮ್ಯಾನಿಕ್ಯೂರ್ ಗೊತ್ತಿಲ್ಲದೆ ನೇರವಾಗಿ ಎಕ್ಸ್‌ಟೆನ್ಷನ್‌ಗೆ ಕೈ ಹಾಕಬಾರದು. ಉಗುರಿನ ಮೇಲೆ ಅಂಟಿಕೊಂಡ ಸತ್ತ ಚರ್ಮ ಯಾವುದು, ತೆಗೆಯಬಾರದ ಜೀವಂತ ಚರ್ಮ ಯಾವುದು ಎಂಬುದು ಬೆರಳಿಗೆ ಗೊತ್ತಾಗುವುದು ಅಲ್ಲೇ.

ಆಮೇಲೆ ಹುಡುಕಾಟ. ಒಂದು ದಿನದ ವರ್ಕ್‌ಶಾಪ್‌ನಿಂದ ಹಿಡಿದು ತಿಂಗಳುಗಟ್ಟಲೆಯ ಡಿಪ್ಲೊಮಾದವರೆಗೆ ಎಲ್ಲ ಬಗೆಯದೂ ಸಿಕ್ಕಿತು. ಅಕ್ರಿಲಿಕ್, ಜೆಲ್, ಪಾಲಿಜೆಲ್, ಫೈಬರ್, ಓಂಬ್ರೆ, ಕ್ರೋಮ್, ತ್ರೀಡಿ ಆರ್ಟ್, ಎಲ್ಲವೂ ಒಂದೇ ವಾರದಲ್ಲಿ ಎಂಬ ಪಟ್ಟಿ ಹಲವರ ಬಳಿ ಇತ್ತು. ಮನೆಗೆ ಬಂದು ಆ ಪಟ್ಟಿಯನ್ನು ದಿನಗಳಿಗೆ ಹಂಚಿ ನೋಡಿದೆ. ಒಂದೊಂದು ವಿಧಾನಕ್ಕೆ ಅರ್ಧ ದಿನವೂ ಬರುತ್ತಿರಲಿಲ್ಲ. ಅಕ್ರಿಲಿಕ್ ಒಂದನ್ನೇ ತೆಗೆದುಕೊಳ್ಳಿ: ಬ್ರಶ್ಶನ್ನು ಪೌಡರ್ ಜೊತೆ ಸೇರಿ ಗಟ್ಟಿಯಾಗುವ ದ್ರವವಾದ ಮಾನೋಮರ್‌ನಲ್ಲಿ ಅದ್ದಿ, ಹೆಚ್ಚಾದದ್ದನ್ನು ಒರೆಸಿ, ಪೌಡರ್‌ಗೆ ತುದಿ ತಾಗಿಸಿದರೆ ನೆನೆದ ಸಾಬಕ್ಕಿಯಂಥ ಒಂದು ಉಂಡೆ ತುದಿಯಲ್ಲಿ ನಿಲ್ಲಬೇಕು. ಮಾನೋಮರ್ ಹೆಚ್ಚಾದರೆ ಚರ್ಮದ ಮೇಲೆ ಹರಿಯುತ್ತದೆ, ಕಡಿಮೆಯಾದರೆ ಪುಡಿಪುಡಿಯಾಗುತ್ತದೆ. ಈ ಹದ ಕೈಗೆ ಹತ್ತಲು ಮತ್ತೆ ಮತ್ತೆ ಅದನ್ನೇ ಮಾಡಬೇಕು. ಎರಡೇ ವಿಧಾನ ಕಲಿಸಿ ಉಳಿದ ಹೊತ್ತೆಲ್ಲ ಅಭ್ಯಾಸಕ್ಕೆ ಬಿಡುವ ಕೋರ್ಸನ್ನೇ ನಾನು ಹುಡುಕತೊಡಗಿದೆ.

ಸರ್ಟಿಫಿಕೇಟ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 400 ಗಂಟೆ ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ಲೈಸೆನ್ಸ್ ತೆಗೆದುಕೊಂಡ ಮೇಲೆಯೇ ಇನ್ನೊಬ್ಬರ ಉಗುರು ಮುಟ್ಟಬೇಕು. ನಮ್ಮಲ್ಲಿ ನೇಲ್ ಟೆಕ್ನಿಷಿಯನ್ನರಿಗೆ ಅಂಥ ಲೈಸೆನ್ಸ್ ಇಲ್ಲ. ಹಾಗಾಗಿ 'ಇಂಟರ್‌ನ್ಯಾಷನಲ್' ಎಂದು ಬಂಗಾರದ ಅಕ್ಷರದಲ್ಲಿ ಯಾರು ಬೇಕಾದರೂ ಅಚ್ಚು ಹಾಕಿಸಿ ಕೊಡಬಹುದು. ಅದರಲ್ಲಿ ಯಾರ ಮಾನ್ಯತೆ ಇದೆ, ಪರೀಕ್ಷೆ ತೆಗೆದುಕೊಳ್ಳುವವರು ಹೊರಗಿನವರೋ ಒಳಗಿನವರೋ ಎಂದು ಕೇಳಬೇಕು. ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನದ್ದಾದರೆ ಅದಕ್ಕೊಂದು ಲೆಕ್ಕವಿದೆ. 1946ರಲ್ಲಿ ಹುಟ್ಟಿದ ಸಿಡೆಸ್ಕೊ, ಬ್ರಿಟನ್ನಿನ ಸಿಬ್‌ಟ್ಯಾಕ್ ಮುಂತಾದ ಬ್ಯೂಟಿ ಪ್ರಮಾಣಪತ್ರ ಸಂಸ್ಥೆಗಳ ಹೆಸರು ಹೊರದೇಶದಲ್ಲಿ ನಡೆಯುತ್ತದೆ. ನಮ್ಮ ಕರಾವಳಿಯಿಂದ ದುಬೈ, ಮಸ್ಕತ್‌ಗೆ ಹೊರಡುವವರು ಅಲ್ಲಿ ಕೆಲಸ ಕೊಡುವವರಿಗೆ ಯಾವ ಪ್ರಮಾಣಪತ್ರ ಬೇಕು ಎಂದು ಮೊದಲೇ ಕೇಳಿಕೊಂಡು ಅದಕ್ಕೆ ತಕ್ಕ ಕೋರ್ಸ್ ಆರಿಸಲಿ. ಊರಲ್ಲೇ ಕೆಲಸ ಮಾಡುವ ನನ್ನಂಥವಳಿಗೆ ಅದಕ್ಕೆಂದು ದೊಡ್ಡ ಮೊತ್ತ ಸುರಿಯುವ ಅಗತ್ಯ ಕಾಣಲಿಲ್ಲ. ಇವತ್ತಿನವರೆಗೂ ಒಬ್ಬ ಗಿರಾಕಿಯೂ ಸರ್ಟಿಫಿಕೇಟ್ ತೋರಿಸಿ ಎಂದಿಲ್ಲ.

ನನ್ನ ಎರಡನೇ ಪ್ರಶ್ನೆ: ನಿಜವಾದ ಕೈ ಎಷ್ಟು ಸಿಗುತ್ತವೆ? ಬಹಳ ಕಡೆ ಕಲಿಯುವುದೆಲ್ಲ ಪ್ಲಾಸ್ಟಿಕ್ ಪ್ರಾಕ್ಟೀಸ್ ಹ್ಯಾಂಡ್ ಮೇಲೆ. ಶೇಪ್ ಕಲಿಯಲು ಅದು ಬೇಕು, ಬೇಡ ಎನ್ನುವುದಿಲ್ಲ. ಆದರೆ ಆ ಕೈ ಬೆವರುವುದಿಲ್ಲ, ನಡುಗುವುದಿಲ್ಲ, ನೋವಾದರೆ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಉಗುರಿಗೆ ಹಚ್ಚಿದ ಜೆಲ್ ಲ್ಯಾಂಪಿನ ಬೆಳಕಿನಲ್ಲಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ದಪ್ಪಗೆ ಹಾಕಿದ್ದರೆ, ಅಥವಾ ಉಗುರು ಮೊದಲೇ ತೆಳ್ಳಗಾಗಿದ್ದರೆ, ಗಿರಾಕಿ ಚುರ್ ಎಂದು ಕೈ ಹೊರಗೆ ಎಳೆಯುತ್ತಾಳೆ. ಆಗ ಏನು ಮಾಡಬೇಕೆಂದು ಪ್ಲಾಸ್ಟಿಕ್ ಕೈ ಯಾವ ಜನ್ಮಕ್ಕೂ ಹೇಳಿಕೊಡುವುದಿಲ್ಲ. ಉಗುರು ಕಚ್ಚುವ ಅಭ್ಯಾಸವಿರುವವರ ಗಿಡ್ಡ ಉಗುರು, ಕೆಳಕ್ಕೆ ಬಾಗಿದ ಉಗುರು, ಮೇಲಕ್ಕೆ ಎದ್ದ ಉಗುರು, ಬೀಡಿ ಕಟ್ಟಿ ಕಟ್ಟಿ ಒಂದೇ ಬದಿ ಸವೆದ ಉಗುರು, ಇವೆಲ್ಲ ಕೈಗೆ ಸಿಗಬೇಕು. ಮಾಡೆಲ್‌ಗಳನ್ನು ನೀವೇ ಕರೆತನ್ನಿ ಎನ್ನುತ್ತಾರೋ, ಅವರೇ ಒದಗಿಸುತ್ತಾರೋ, ಒಬ್ಬ ಟೀಚರ್‌ಗೆ ಎಷ್ಟು ಜನ ವಿದ್ಯಾರ್ಥಿಗಳು ಎಂದೂ ಕೇಳಿದೆ. ಒಬ್ಬರಿಗೆ ಹದಿನೈದು ಜನ ಎಂದ ಕಡೆ ನನ್ನ ಕೈ ತಿದ್ದಲು ಅವರಿಗೆ ಬಿಡುವೆಲ್ಲಿ?

ಕೊನೆಗೆ ನಾನು ಸೇರಿದ್ದು ಬೆಂಗಳೂರಿನಲ್ಲಿ, ನಾಲ್ಕೇ ಜನರ ಬ್ಯಾಚಿಗೆ. ಯಶವಂತಪುರದಲ್ಲಿ ಚಿಕ್ಕಮ್ಮನ ಮನೆ ಇದ್ದುದರಿಂದ ಉಳಿಯುವ ಖರ್ಚು ಬರಲಿಲ್ಲ. ಕಲಿಸುವ ಮೇಡಂ ಬೆಳಿಗ್ಗೆ ಕ್ಲಾಸ್ ಮಾಡಿ ಮಧ್ಯಾಹ್ನ ತಮ್ಮದೇ ಗಿರಾಕಿಗಳನ್ನು ನೋಡುತ್ತಿದ್ದರು. ಹಣ ಕಟ್ಟುವ ಮೊದಲು ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ನೋಡಲೇ ಎಂದು ಕೇಳಿದ್ದಕ್ಕೆ, "ಬನ್ನಿ, ಅದರಲ್ಲೇನು" ಎಂದರು. ನನ್ನ ಮನಸ್ಸು ಒಪ್ಪಿದ್ದು ಆ ಮಧ್ಯಾಹ್ನವೇ.

ಅವರು ಬಣ್ಣದ ಬಾಟಲಿ ಮುಟ್ಟಲು ಬಹಳ ಹೊತ್ತು ಹಿಡಿಯಿತು. ಮೊದಲು ಹತ್ತೂ ಬೆರಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು: ಉಗುರುಸುತ್ತು ಇದೆಯೇ, ಹಸಿರು ಕಲೆ ಇದೆಯೇ, ಫಂಗಸ್ ಇದೆಯೇ. ಆಮೇಲೆ ಕ್ಯೂಟಿಕಲ್ ಹಿಂದಕ್ಕೆ ತಳ್ಳಿ, ಉಗುರಿಗೆ ಅಂಟಿದ ತೆಳುಪೊರೆಯನ್ನಷ್ಟೇ ಕೆರೆದು ತೆಗೆದರು. 180 ಗ್ರಿಟ್ ಫೈಲ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಬೆರಳನ್ನು ದೀಪಕ್ಕೆ ಓರೆಯಾಗಿ ಹಿಡಿದರು. ಮೂಲೆಯಲ್ಲಿ ಇನ್ನೂ ಮಿನುಗುತ್ತಿದ್ದ ಸಣ್ಣ ಜಾಗ ಕಂಡಿತು. ಅಲ್ಲಿ ಮತ್ತೆ ಎರಡು ಬಾರಿ ಫೈಲ್ ಆಡಿಸಿದರು. ಎಕ್ಸ್‌ಟೆನ್ಷನ್ ಎದ್ದುಬರಲು ಶುರುವಾಗುವುದು ಆ ಮೂಲೆಯಿಂದಲೇ. ಎದ್ದ ಸಂದಿಯಲ್ಲಿ ನೀರು ನಿಂತರೆ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಧೂಳು ಒರೆಸಿ, ಉಗುರಿನ ತೇವ ಮತ್ತು ಎಣ್ಣೆ ತೆಗೆಯುವ ಡಿಹೈಡ್ರೇಟರ್, ಅಂಟು ಹಿಡಿಸುವ ಪ್ರೈಮರ್ ಆದ ಮೇಲೆ, "ಇನ್ನು ಉಗುರಿಗೆ ನಿನ್ನ ಬೆರಳೂ ತಾಗಬಾರದಮ್ಮ, ಬೆರಳಲ್ಲೂ ಎಣ್ಣೆ ಇರುತ್ತೆ" ಎಂದು ಅಸಿಸ್ಟೆಂಟ್ ಹುಡುಗಿಗೆ ಹೇಳಿದರು. ನಮ್ಮ ಕಡೆಗೆ ಈ ಮಾತು ಎಷ್ಟು ಮುಖ್ಯವೆಂದು ಊರಿಗೆ ಬಂದ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಮಂಗಳೂರು ಕ್ರಿಶ್ಚಿಯನ್ನರ ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನ ಹಾಲು, ಎಣ್ಣೆ ಹಚ್ಚುತ್ತಾರೆ. ಅಂಥವರಿಗೆ ರೋಸ್‌ಗೆ ಮೊದಲೇ ಉಗುರು ಮುಗಿಸಿಬಿಡುತ್ತೇನೆ. ಮೆಹಂದಿ ಹಾಕಿಸಿಕೊಳ್ಳುವವರಿಗೂ ಅಷ್ಟೇ.

ಅಂದೇ ಮಧ್ಯಾಹ್ನ ಇನ್ನೊಬ್ಬರ ಹಳೆಯ ಜೆಲ್ ತೆಗೆಯುವುದನ್ನೂ ನೋಡಿದೆ. ಮೇಲಿನ ಟಾಪ್ ಕೋಟನ್ನು ಫೈಲ್‌ನಿಂದ ಒಡೆದು, ಅಸಿಟೋನ್‌ನಲ್ಲಿ ನೆನೆಸಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ ಹತ್ತು ಹದಿನೈದು ನಿಮಿಷ ಬಿಟ್ಟರು. ಬಿಚ್ಚಿದಾಗ ಜೆಲ್ ತಾನಾಗಿ ಪದರೆದ್ದಿತ್ತು. ಒಂದು ಬೆರಳಿನಲ್ಲಿ ಏಳಲಿಲ್ಲ. ಅವರು ಕೆರೆಯಲಿಲ್ಲ, ಹೊಸ ಹತ್ತಿ ಇಟ್ಟು ಮತ್ತೆ ಸುತ್ತಿದರು. ಗಿರಾಕಿ ಗಡಿಯಾರ ನೋಡುತ್ತಿದ್ದರೂ ಅವರ ಕೈ ಅವಸರ ಮಾಡಲಿಲ್ಲ. ಅಸಿಟೋನ್‌ಗೆ ಕರಗದ ಹಾರ್ಡ್ ಜೆಲ್ ಆದರೆ ಫೈಲ್ ಮಾಡಿ ಇಳಿಸುತ್ತಾ ಬಂದು, ಉಗುರಿನ ಮೇಲೆ ತೆಳ್ಳನೆಯ ಪದರ ಉಳಿಸಿ ನಿಲ್ಲಿಸಬೇಕೆಂದು ಕೆಲಸದ ನಡುವೆಯೇ ವಿವರಿಸಿದರು. ಅವರ ಕ್ಲಾಸಿನಲ್ಲಿ ಶುರುವಿನ ದಿನಗಳಲ್ಲಿ ಡ್ರಿಲ್ ಮಷಿನ್ ಮುಟ್ಟಲು ಬಿಡುವುದಿಲ್ಲ. ಕೈಫೈಲ್‌ನಲ್ಲಿ ಶೇಪ್ ಬಂದ ಮೇಲೆ, ಮೊದಲು ಪ್ಲಾಸ್ಟಿಕ್ ಉಗುರಾದ ಟಿಪ್ ಮೇಲೆ, ಆಮೇಲೆ ನಮ್ಮ ಉಗುರಿನ ಮೇಲೆ, ಕಡೆಗೆ ಇನ್ನೊಬ್ಬರ ಮೇಲೆ. ಈ ಕ್ರಮ ನನಗೆ ಬಹಳ ಸರಿ ಎನ್ನಿಸಿತು.

ಯಾವ ಸಾಮಾನು ಬಳಸುತ್ತೀರಿ ಎಂದು ಕೇಳಲು ಹಿಂಜರಿಯಬೇಡಿ. ಅಕ್ರಿಲಿಕ್ ಮಾನೋಮರ್‌ನಲ್ಲಿ ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್), ಇಎಂಎ (ಈಥೈಲ್ ಮೆಥಾಕ್ರಿಲೇಟ್) ಎಂದು ಎರಡು ಬಗೆ. ಎಂಎಂಎ ಅಗ್ಗ, ವಾಸನೆ ತಲೆಗೆ ಹತ್ತುತ್ತದೆ, ಅಸಿಟೋನ್‌ಗೆ ಸುಲಭವಾಗಿ ಜಗ್ಗುವುದಿಲ್ಲ. ಎಷ್ಟು ಗಟ್ಟಿ ಎಂದರೆ, ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಕ್ರಿಲಿಕ್ ಮುರಿಯುವ ಬದಲು ಅಡಿಯ ಸ್ವಂತ ಉಗುರೇ ಕಿತ್ತುಬರುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲೇ ದೂರುಗಳು ಬಂದು ಸರ್ಕಾರ ಅದರ ಮೇಲೆ ಕ್ರಮ ತೆಗೆದುಕೊಂಡಿತ್ತು. ಬಾಟಲಿಗೆ ಲೇಬಲ್ಲೇ ಇಲ್ಲದ ಮಾನೋಮರ್ ಇಟ್ಟುಕೊಂಡ ಕ್ಲಾಸಿಗೆ ನಾನಂತೂ ಸೇರುವುದಿಲ್ಲ. ಜೆಲ್‌ನಲ್ಲಿ ಗಮನಿಸಬೇಕಾದದ್ದು ಹೇಮಾ (HEMA) ಎಂಬ ರಾಸಾಯನಿಕ. ಲ್ಯಾಂಪಿನಲ್ಲಿ ಪೂರ್ತಿ ಗಟ್ಟಿಯಾಗದ ಜೆಲ್ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಅದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಹಲ್ಲಿಗೆ ತುಂಬುವ ಕೆಲವು ವಸ್ತುಗಳಲ್ಲೂ ಇದೇ ಜಾತಿಯ ರಾಸಾಯನಿಕಗಳಿರುವುದರಿಂದ ಮುಂದೆ ಅಲ್ಲೂ ತೊಂದರೆಯಾಗಬಹುದು. ಯುರೋಪ್ ಒಕ್ಕೂಟದಲ್ಲಿ 2021ರಿಂದ ಹೇಮಾ ಇರುವ ನೇಲ್ ಉತ್ಪನ್ನ ವೃತ್ತಿಪರರಿಗೆ ಮಾತ್ರ. ಜೆಲ್ ಬೆಳಕಿಗೆ ಗಟ್ಟಿಯಾಗಲೆಂದು ಸೇರಿಸುವ ಟಿಪಿಒ ಎಂಬ ಇನ್ನೊಂದು ಅಂಶವನ್ನು 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಪೂರ್ತಿ ನಿಷೇಧಿಸಿದ್ದಾರೆ. ಜೆಲ್ ಯಾವ ಕಂಪನಿಯದೋ ಲ್ಯಾಂಪ್ ಅದಕ್ಕೆ ಹೊಂದಬೇಕು, ಇಲ್ಲದಿದ್ದರೆ ಮೇಲೆ ಗಟ್ಟಿಯಾಗಿ ಅಡಿಯಲ್ಲಿ ಹಸಿಯಾಗಿರುತ್ತದೆ. ಇದನ್ನು ಕ್ಲಾಸಿನಲ್ಲಿ ಹೇಳಿಕೊಡುವವರು ನಿಮ್ಮ ಗಿರಾಕಿಯ ಆರೋಗ್ಯವನ್ನೂ ನಿಮ್ಮದನ್ನೂ ಕಾಯುತ್ತಿದ್ದಾರೆ.

ಸ್ವಚ್ಛತೆಯ ಬಗ್ಗೆ ಒಂದೇ ಪರೀಕ್ಷೆ ಸಾಕು. ಕ್ಯೂಟಿಕಲ್ ತಳ್ಳುವ ಪುಶರ್, ಕತ್ತರಿಸುವ ನಿಪ್ಪರ್‌ಗಳನ್ನು ನೀಲಿ ದೀಪದ ಯುವಿ ಪೆಟ್ಟಿಗೆಯಲ್ಲಿಟ್ಟು "ಸ್ಟೆರಿಲೈಸ್ ಆಯಿತು" ಎಂದರೆ ಅದು ತಪ್ಪು. ಸೋಪಿನಲ್ಲಿ ಉಜ್ಜಿ ತೊಳೆದು, ಸೋಂಕುನಾಶಕದಲ್ಲಿ ಮುಳುಗಿಸಿ, ಒತ್ತಡದ ಹಬೆಯ ಯಂತ್ರವಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಕನಿಷ್ಠ 15 ನಿಮಿಷ ಇಟ್ಟರೆ ಸ್ಟೆರಿಲೈಸ್. ಫೈಲ್ ಒಬ್ಬರಿಗೆ ಒಂದು.

ಬೆಂಗಳೂರಿನಲ್ಲಿ ಕಲಿತು ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಅಕ್ರಿಲಿಕ್ ಸೆಕೆ ಹೆಚ್ಚಿದಷ್ಟೂ ಬೇಗ ಗಟ್ಟಿಯಾಗುತ್ತದೆ. ಎಸಿ ಕೋಣೆಯಲ್ಲಿ ನಿಧಾನವಾಗಿ ತಟ್ಟಿ ಕೂರಿಸಿದ ಉಂಡೆ ಏಪ್ರಿಲ್ ತಿಂಗಳ ನಮ್ಮೂರಲ್ಲಿ ಬ್ರಶ್ಶಿನಲ್ಲೇ ಬಿಗಿಯುತ್ತದೆ. ಜೆಲ್ ಹಾಗಲ್ಲ, ಲ್ಯಾಂಪಿಗೆ ಇಡುವ ತನಕ ಕಾಯುತ್ತದೆ. ಅದಕ್ಕೇ ನಾನು ಉಗುರಿನ ಉದ್ದ ಕಟ್ಟುವ ದಪ್ಪ ಬಿಲ್ಡರ್ ಜೆಲ್ ಮತ್ತು ಸಿದ್ಧ ಉಗುರಿನಂತೆ ಅಂಟಿಸುವ ಸಾಫ್ಟ್ ಜೆಲ್ ಟಿಪ್ಸ್ ಮುಖ್ಯವಾಗಿಟ್ಟುಕೊಂಡ ಕೋರ್ಸ್ ಆರಿಸಿದೆ. ಹೋಗುವ ಸಮಯಕ್ಕೆ ಜುಲೈ-ಆಗಸ್ಟ್ ಹೊತ್ತಿಗೆ ಬರುವ ಆಟಿ ತಿಂಗಳು ಇಟ್ಟುಕೊಂಡೆ. ಮದುವೆಗಳಿಲ್ಲ, ಪಾರ್ಲರ್ ಮುಚ್ಚಿದರೂ ನಷ್ಟ ಕಡಿಮೆ.

ಹಣದ ವಿಷಯದಲ್ಲಿ ಕೂಡಿಸಿ ನೋಡಬೇಕಾದ್ದು ಫೀಸ್ ಒಂದನ್ನೇ ಅಲ್ಲ. ಹೇಳಿದ ಮೊತ್ತದಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆಯೇ, ಅಭ್ಯಾಸದ ಸಾಮಾನು ಅವರದೇ, ಕೋರ್ಸ್ ಮುಗಿದ ಮೇಲೆ ಫೋಟೋ ಕಳಿಸಿ ಸಂಶಯ ಕೇಳಬಹುದೇ ಎಂದೂ ಕೇಳಬೇಕು. 'ಫ್ರೀ ಕಿಟ್' ಎಂದರೆ ಒಳಗೇನಿದೆ ಎಂದು ಬಿಚ್ಚಿ ತೋರಿಸಲು ಹೇಳಿ. ಅರವತ್ತು ಬಣ್ಣದ ಬಾಟಲಿ, ಹೆಸರಿಲ್ಲದ ಲ್ಯಾಂಪ್ ಇರುವ ಕಿಟ್‌ಗಿಂತ ಕಿಟ್ ಇಲ್ಲದ ಕೋರ್ಸ್ ವಾಸಿ. ನಾನು ಶುರು ಮಾಡಿದ್ದು ಒಂದೇ ಕಂಪನಿಯ ಬೇಸ್, ಬಿಲ್ಡರ್, ಟಾಪ್ ಕೋಟ್, ಅದೇ ಕಂಪನಿ ಹೇಳಿದ ಲ್ಯಾಂಪ್ ಮತ್ತು ನಮ್ಮ ಮದುಮಗಳಂದಿರು ಕೇಳುವ ಕೆಂಪು, ಮರೂನ್, ನ್ಯೂಡ್, ಬಿಳಿ ಬಣ್ಣಗಳಿಂದ. ಡ್ರಿಲ್ ಆಮೇಲೆ ಕೊಂಡೆ. ನೈಟ್ರೈಲ್ ಗ್ಲೌಸ್, ಮಾಸ್ಕ್, ಡಸ್ಟ್ ಕಲೆಕ್ಟರ್ ಮಾತ್ರ ಮೊದಲ ಗಿರಾಕಿ ಬರುವ ಮುಂಚೆಯೇ ಮೇಜಿನ ಮೇಲಿದ್ದವು.