ನೆರೆಮನೆಯ ಹಬ್ಬಕ್ಕೆ ಕೈಜೋಡಿಸುವವರಿಗೆ ಒಂದಿಷ್ಟು ಮಾತು

ಪಕ್ಕದ ಮನೆಯವರು ಯಹೂದಿಗಳಾಗಿದ್ದರೆ ಕ್ಯಾಲೆಂಡರಿನಲ್ಲಿ ಹಬ್ಬದ ಹಿಂದಿನ ಸಂಜೆಗೆ ಗುರುತು ಹಾಕಿಕೊಳ್ಳಿ. ಅವರಿಗೆ ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಥಾಣೆಯಲ್ಲಿ ಸೆಪ್ಟೆಂಬರ್ ನಡುವಿನಲ್ಲಿ ಅದು 6.40ರ ಆಸುಪಾಸು. ನೀವು ಏನೇ ಸಹಾಯ ಮಾಡುವುದಿದ್ದರೂ, ಏನೇ ಕೊಡುವುದಿದ್ದರೂ ಅಷ್ಟರೊಳಗೆ ಮುಗಿಸಿಬಿಡಬೇಕು. ಆಮೇಲೆ ಹೋಗಿ ಬಾಗಿಲಲ್ಲಿ ನಿಂತರೆ ಅವರಿಗೂ ಮುಜುಗರ, ನಿಮಗೂ ಮುಜುಗರ.

ನಾನು ಕುಮಟಾ ಕಡೆಯವಳು. ಮದುವೆಯಾಗಿ ಥಾಣೆಗೆ ಬಂದವಳು ಇಲ್ಲೇ ಅಜ್ಜಿಯಾದೆ. ನಮ್ಮ ಕಟ್ಟಡದಲ್ಲಿ ಬೆನೆ ಇಸ್ರೇಲ್ ಮನೆಗಳಿವೆ. ಇವರು ಕೊಂಕಣದ ಯಹೂದಿಗಳು. ಮನೆಮಾತು ಮರಾಠಿ, ಎಷ್ಟೋ ಅಡ್ಡಹೆಸರು ಊರಿನ ಹೆಸರಿಗೆ 'ಕರ್' ಸೇರಿಸಿದ್ದು. ಹಿಂದೆ ಹಳ್ಳಿಗಳಲ್ಲಿ ಗಾಣ ಆಡಿಸುತ್ತಿದ್ದರು. ಶನಿವಾರ ಅವರ ಧರ್ಮದಲ್ಲಿ ಕೆಲಸ ಮಾಡದ ವಿಶ್ರಾಂತಿಯ ದಿನ. ಆವತ್ತು ಗಾಣ ನಿಲ್ಲಿಸುತ್ತಿದ್ದರಿಂದ ಊರವರು 'ಶನಿವಾರ್ ತೇಲಿ' ಎಂದೇ ಕರೆಯುತ್ತಿದ್ದರಂತೆ. 1948ರ ನಂತರ ಬಹಳ ಜನ ಇಸ್ರೇಲಿಗೆ ಹೋದರು. ಉಳಿದವರಿಗೆ ಥಾಣೆಯೇ ದೊಡ್ಡ ನೆಲೆ. ಇಲ್ಲಿನ ಟೆಂಭಿ ನಾಕಾದ ಶಾರ್ ಹಶಾಮಾಯಿಮ್ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, 1879ರದ್ದು.

ನಮಗೂ ಅವರಿಗೂ ಒಂದು ಹಳೇ ನಂಟಿದೆ, ಹೇಳಿಬಿಡುತ್ತೇನೆ. ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದ್ದು 1796ರಲ್ಲಿ, ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಅನ್ನುವವರು. ಕಂಪನಿ ಸೈನ್ಯದಲ್ಲಿದ್ದವರು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಬಿದ್ದರು. ಜೀವಂತ ಬಿಡುಗಡೆಯಾದರೆ ಮಂದಿರ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತಿದ್ದರು ಅಂತ ಈ ಸಮುದಾಯದಲ್ಲಿ ಇವತ್ತಿಗೂ ಹೇಳುತ್ತಾರೆ. ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದಿದ್ದು ಈ ಸಿನಗಾಗಿನಿಂದ ಅಂತಲೂ ಅನ್ನುತ್ತಾರೆ.

ಇನ್ನು ಹಬ್ಬಗಳ ಲೆಕ್ಕ. ಮೊದಲು ರೋಶ್ ಹಶಾನಾ, ಹೊಸ ವರ್ಷ, ಎರಡು ದಿನ. ಹತ್ತನೇ ದಿನ ಯೋಮ್ ಕಿಪ್ಪುರ್, ಕಠಿಣ ಉಪವಾಸ. ಹದಿನೈದನೇ ದಿನ, ಹುಣ್ಣಿಮೆಗೆ, ಸುಕ್ಕೋತ್ ಶುರು. ಅದು ಚಪ್ಪರದ ಹಬ್ಬ. ಕೊನೆಗೆ ಸಿಮ್ಹತ್ ತೋರಾ. ಹೊಸ ವರ್ಷ ಬರುವುದು ಅಮಾವಾಸ್ಯೆ ಕಳೆದ ಮೇಲೆ, ಹಾಗಾಗಿ ಎಷ್ಟೋ ಸಲ ನಮ್ಮ ನವರಾತ್ರಿಯ ಜೊತೆಗೇ ಬಂದುಬಿಡುತ್ತದೆ. 2025ರಲ್ಲಿ ಘಟಸ್ಥಾಪನೆಯ ದಿನವೇ ಸಂಜೆ ಅವರ ಹೊಸ ವರ್ಷ, ವಿಜಯದಶಮಿಯ ದಿನವೇ ಅವರ ಉಪವಾಸ. 2026ರಲ್ಲಿ ನಮಗೆ ಅಧಿಕ ಮಾಸ ಬಂದದ್ದರಿಂದ ಲೆಕ್ಕ ಜಾರಿತು. ಸೆಪ್ಟೆಂಬರ್ 11ರ ಸಂಜೆ ಅವರ ಹೊಸ ವರ್ಷ, 14ಕ್ಕೆ ನಮ್ಮ ಚೌತಿ. ನವರಾತ್ರಿ ಜೊತೆಗೆ ಬಿದ್ದ ವರ್ಷ ಟೆಂಭಿ ನಾಕಾದಲ್ಲಿ ದೇವಿಯ ಜಾತ್ರೆ, ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಯಸ್ಸಾದವರನ್ನು ಸಿನಗಾಗಿಗೆ ಬಿಡುವ ಜವಾಬ್ದಾರಿ ನಿಮ್ಮದಾದರೆ ಒಂದು ಗಂಟೆ ಮೊದಲೇ ಹೊರಡಿ.

ಹಬ್ಬಕ್ಕೆ ಏನು ಒಯ್ಯಬೇಕು ಅಂತ ಎಲ್ಲರೂ ಕೇಳುತ್ತಾರೆ. ಕೊಯ್ಯದ ಇಡೀ ಹಣ್ಣು ಒಯ್ಯಿರಿ. ಸೇಬು, ದಾಳಿಂಬೆ, ಖರ್ಜೂರ ಎಲ್ಲ ಅವರ ಹೊಸ ವರ್ಷದ ತಟ್ಟೆಯಲ್ಲಿ ಬೇಕಾಗುವಂಥವು. ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ, ವರ್ಷ ಸಿಹಿಯಾಗಲಿ ಅಂತ. ಊರಿನಿಂದ ಬರುವವರ ಕೈಲಿ ಒಂದು ಬಾಟಲಿ ಕೊಡಗಿನ ಜೇನು ತರಿಸಿ ಸೀಲ್ ಒಡೆಯದೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ತುಪ್ಪ ಸುರಿದ ಮೈಸೂರು ಪಾಕು ಮಾತ್ರ ಆ ಊಟದ ಹೊತ್ತಿಗೆ ಬೇಡ. ಮಾಂಸದ ಊಟದ ಜೊತೆ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಸೇರುವಂತಿಲ್ಲ. ನಮ್ಮ ಮನೆ ಪಾತ್ರೆಯಲ್ಲಿ ಮಾಡಿದ್ದನ್ನು ಕೆಲವರು ತಿನ್ನುತ್ತಾರೆ, ಕೆಲವರು ತಿನ್ನುವುದಿಲ್ಲ. ಸುಮ್ನೆ ಊಹೆ ಮಾಡಬೇಡಿ, ಮೊದಲೇ ಕೇಳಿಬಿಡಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಜವಾದ ಸಹಾಯ ಬೇಕಾಗುವುದು ಅವರ ಅಡುಗೆಮನೆಯಲ್ಲಿ, ಹಲ್ವದ ದಿನ. ಹೊಸ ವರ್ಷಕ್ಕೆ ಗೋಧಿ ಹಾಲು ಮತ್ತು ತೆಂಗಿನ ಹಾಲು ಹಾಕಿ ಹಲ್ವ ಕಾಯಿಸುತ್ತಾರೆ, ಚಿಕಾಚಾ ಹಲ್ವಾ ಅನ್ನುತ್ತಾರೆ. ತೆಂಗಿನ ಹಾಲು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಮಾಂಸದ ಊಟದ ಮೇಲೂ ಆರಾಮಾಗಿ ತಿನ್ನಬಹುದು. ಹಾಲುಬಾಯಿ ಮಾಡಿ ಕೈ ಪಳಗಿದವರಿಗೆ ಇದು ಹೊಸದೇನಲ್ಲ. ಗೋಧಿಯನ್ನು ಎರಡು ದಿನ ನೆನೆಸಿ. ಬೆಳಗ್ಗೆ, ಸಂಜೆ ನೀರು ಬದಲಿಸಲೇಬೇಕು. ಇಲ್ಲದಿದ್ದರೆ ಥಾಣೆಯ ಸೆಕೆಗೆ ಹುಳಿ ವಾಸನೆ ಹಿಡಿಯುತ್ತದೆ, ಆಮೇಲೆ ಎಷ್ಟು ಏಲಕ್ಕಿ ಹಾಕಿದರೂ ಹೋಗುವುದಿಲ್ಲ. ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲನ್ನು ನಾಲ್ಕೈದು ಗಂಟೆ ಅಲ್ಲಾಡಿಸದೆ ಇಡಿ. ಮೇಲಿನ ತಿಳಿನೀರನ್ನು ಚೆಲ್ಲಿದರೆ ತಳದಲ್ಲಿ ಗಟ್ಟಿ ಹಾಲು ಸಿಗುತ್ತದೆ. ಅದು ಒಂದು ಲೋಟವಾದರೆ ತೆಂಗಿನ ಹಾಲು ಮೂರು ಲೋಟ, ಸಕ್ಕರೆ ಒಂದೂವರೆ ಲೋಟ, ಒಂದು ಚಿಟಿಕೆ ಉಪ್ಪು. ಎಲ್ಲವನ್ನೂ ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಸಿ ಆಮೇಲೆ ಒಲೆಗೆ ಇಡಿ. ತಳ ದಪ್ಪ ಇರುವ ಪಾತ್ರೆ, ಸಣ್ಣ ಉರಿ. ಮೊದಲ ಕಾಲು ಗಂಟೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ಆಗ ಕೈ ಬಿಟ್ಟಿರೋ, ತಳ ಹಿಡಿಯಿತು ಅಂತಲೇ ಲೆಕ್ಕ. ಪಾತ್ರೆಯ ಅಂಚು ಬಿಟ್ಟು, ಸವುಟಿಗೆ ಅಂಟದೆ ಒಂದೇ ಮುದ್ದೆಯಾಗಿ ತಿರುಗಬೇಕು, ಮೇಲೆ ತೆಂಗಿನ ಎಣ್ಣೆಯ ಹೊಳಪು ಕಾಣಬೇಕು. ಆಗ ಏಲಕ್ಕಿ, ಬಾದಾಮಿ, ಪಿಸ್ತಾ ಹಾಕಿ ತಟ್ಟೆಗೆ ಸುರಿದು ತಟ್ಟಿ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ. ತೆಂಗಿನ ಹಾಲಿನದ್ದಾದ್ದರಿಂದ ಜಾಸ್ತಿ ದಿನ ಹೊರಗಿಡಬೇಡಿ, ಮಾರನೇ ದಿನಕ್ಕೆ ಫ್ರಿಜ್ಜು ಸೇರಲಿ.

ಒಂದು ಸೂಕ್ಷ್ಮ ಇದೆ. ಒಲೆ ಹಚ್ಚುವುದು, ಪಾತ್ರೆ ಇಡುವುದು ಅವರ ಕೈಯಿಂದಲೇ ಆಗಲಿ. ನಮ್ಮ ನೆರೆಯ ಮಾವಶಿ ಚೆನ್ನಾಗಿ ಹೇಳುತ್ತಿದ್ದರು: "ವಹಿನಿ, ಪಾತ್ರೆ ನಮ್ಮದು, ಬೆಂಕಿ ನಮ್ಮದು, ತೋಳಿನ ನೋವು ಮಾತ್ರ ಇಬ್ಬರದ್ದೂ." ಹಾಗೆಯೇ ಪ್ರಾರ್ಥನೆಗೆ ಕಪ್ಪು ಒಣದ್ರಾಕ್ಷಿ ನೆನೆಸಿ, ಕಿವುಚಿ, ಸೋಸಿ ಶರಬತ್ತು ಮಾಡುತ್ತಾರೆ. ಕಟ್ಟುನಿಟ್ಟಿನ ಮನೆಗಳಲ್ಲಿ ಅದನ್ನು ಅವರೇ ಮಾಡಿಕೊಳ್ಳಬೇಕು. ನೀವು ದ್ರಾಕ್ಷಿಯ ತೊಟ್ಟು ತೆಗೆದು ಕೊಟ್ಟರೆ ಸಾಕು.

ಸಿನಗಾಗಿಗೆ ಕರೆದರೆ ಖಂಡಿತ ಹೋಗಿ. ಗುರುತಿನ ಚೀಟಿ ಇಟ್ಟುಕೊಳ್ಳಿ, ದೊಡ್ಡ ಬ್ಯಾಗು ಬೇಡ. 2008ರ ಮುಂಬಯಿ ಭಯೋತ್ಪಾದಕ ದಾಳಿಯ ನಂತರ ಕಾವಲು ಬಿಗಿಯಾಗಿದೆ. ಗಂಡಸರು ತಲೆಗೆ ಟೋಪಿ ಇಡಬೇಕು, ಹೆಂಗಸರು ಸೆರಗು ಹೊದೆಯಬೇಕು. ಕೂರುವ ಜಾಗ ಬೇರೆ ಬೇರೆ ಇರುತ್ತದೆ. ಮೊಬೈಲ್ ಆಫ್ ಮಾಡಿ, ಫೋಟೋ ತೆಗೆಯಬೇಡಿ. ಟಗರಿನ ಕೊಂಬು ಊದುತ್ತಾರೆ, ಶೋಫಾರ್ ಅಂತ. ಕೇಳಲೇಬೇಕು ಅಂತಿದ್ದರೆ ದಿನ ನೋಡಿಕೊಳ್ಳಿ, ಶನಿವಾರ ಅದನ್ನು ಊದುವುದಿಲ್ಲ. 2026ರ ರೋಶ್ ಹಶಾನಾದ ಮೊದಲ ದಿನ ಶನಿವಾರವೇ ಬಿದ್ದಿದೆ, ಭಾನುವಾರ ಹೋಗಿ. ಶನಿವಾರ ಅವರ ಮನೆಗೆ ಹೋಗುವುದಿದ್ದರೆ ಕಾಲಿಂಗ್ ಬೆಲ್ ಒತ್ತದೆ ಬಾಗಿಲು ತಟ್ಟಿ.

ಯೋಮ್ ಕಿಪ್ಪುರ್ ದಿನ ನಿಮ್ಮ ಸಹಾಯ ಅಂದರೆ ಅವರ ಪಾಡಿಗೆ ಅವರನ್ನು ಬಿಡುವುದು. ಸುಮಾರು 25 ಗಂಟೆ ಅನ್ನವೂ ಇಲ್ಲ, ನೀರೂ ಇಲ್ಲ. ಹಳಬರು ಬಾಗಿಲು ಹಾಕಿಕೊಂಡು ಹೊರಗಿನವರ ಮುಖ ನೋಡದೆ ಕಳೆಯುತ್ತಿದ್ದ ದಿನ ಇದು. ಆವತ್ತು ಪಕ್ಕದ ಮನೆಯಲ್ಲಿ ಬೋಂಡಾ ಕರಿಯಬೇಡಿ, ಒಗ್ಗರಣೆಯ ಘಮಕ್ಕೆ ಕಿಟಕಿಯಾದರೂ ಮುಚ್ಚಿ! ಏಕಾದಶಿ ಮಾಡಿ ಅಭ್ಯಾಸವಿರುವ ನನ್ನಂಥವಳಿಂದ ಅವರ ಸೊಸೆಯಂದಿರು ಕೇಳಿ ತಿಳಿದದ್ದು ಕೆಲವಿವೆ. ಚಹಾ ಕುಡಿಯುವ ಚಟವಿದ್ದವರು ಮೂರ್ನಾಲ್ಕು ದಿನ ಮೊದಲಿಂದಲೇ ಒಂದೊಂದು ಲೋಟ ಕಡಿಮೆ ಮಾಡುತ್ತ ಬನ್ನಿ, ಉಪವಾಸದ ದಿನದ ತಲೆನೋವು ಅರ್ಧ ಕಮ್ಮಿಯಾಗುತ್ತದೆ. ಹಿಂದಿನ ಸಂಜೆಯ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಖಾರ ಬೇಡ, ಅವು ಬಾಯಾರಿಸುತ್ತವೆ. ನೀರನ್ನು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ, ಕೊನೆಯಲ್ಲಿ ಒಮ್ಮೆಗೇ ಎರಡು ಲೀಟರ್ ಕುಡಿದು ಪ್ರಯೋಜನವಿಲ್ಲ. ಸಕ್ಕರೆ ಕಾಯಿಲೆಯವರು, ಬಸುರಿಯರು ಡಾಕ್ಟರನ್ನು ಮೊದಲೇ ಕೇಳಬೇಕು. ಜೀವಕ್ಕೆ ಅಪಾಯವಿದ್ದರೆ ಉಪವಾಸ ಬೇಡ ಅಂತ ಅವರ ಧರ್ಮವೇ ಹೇಳುತ್ತದೆ.

ಆ ದಿನ ಬಿಳಿ ಬಟ್ಟೆ ಉಡುತ್ತಾರೆ. ಮಳೆಗಾಲ ಪೂರ್ತಿ ಕಪಾಟಿನಲ್ಲಿದ್ದ ಬಿಳಿ ಬಟ್ಟೆಗೆ ಮುಗ್ಗಲು ವಾಸನೆ ಬಂದಿರುತ್ತದೆ. ಎರಡು ದಿನ ಬಿಸಿಲು ತೋರಿಸಿ, ಲವಂಗದ ಪೊಟ್ಟಣ ಇಟ್ಟು ಮಡಚಿಡಿ. ನುಸಿಗುಳಿಗೆ ಬೇಡ, ಖಾಲಿ ಹೊಟ್ಟೆಗೆ ಆ ವಾಸನೆ ಹೊಟ್ಟೆ ತೊಳಸುತ್ತದೆ. ಚರ್ಮದ ಚಪ್ಪಲಿ ನಿಷಿದ್ಧ, ಹಾಗಾಗಿ ಹವಾಯಿ ಚಪ್ಪಲಿಯನ್ನು ತೊಳೆದು ಬಾಗಿಲ ಬಳಿ ಇಟ್ಟಿರಿ. ಮಾರನೇ ಸಂಜೆ ಕೊಂಬು ಊದಿದ ಮೇಲೆ ಮೊದಲು ನಿಂಬೆ ಶರಬತ್ತು, ಒಂದೆರಡು ಖರ್ಜೂರ. ಅರ್ಧ ಗಂಟೆ ಬಿಟ್ಟು ಊಟ. ರವೆ, ಕೊಬ್ಬರಿ ತುಂಬಿದ ಅರ್ಧಚಂದ್ರಾಕಾರದ ಪುರಿ ಮಾಡಿಟ್ಟಿರುತ್ತಾರೆ. ರುಚಿ ಅಂತ ಖಾಲಿ ಹೊಟ್ಟೆಗೆ ಅದನ್ನೇ ಮೊದಲು ಇಳಿಸಿದರೆ ರಾತ್ರಿ ಎದೆಯುರಿ ಗ್ಯಾರಂಟಿ. ಅದರ ಮರುದಿನ ಬಂಧುಗಳ ಮನೆಗೆ ಹೋಗುವ, ಬಡವರಿಗೆ ದಾನ ಕೊಡುವ ಪದ್ಧತಿ ಹಿಂದಿನಿಂದ ಇದೆ. ನೀವೂ ಆವತ್ತೇ ಹೋಗಿ ಮಾತಾಡಿಸಿ ಬನ್ನಿ.

ಸುಕ್ಕೋತ್‌ಗೆ ಸಿನಗಾಗಿನ ಅಂಗಳದಲ್ಲಿ ಚಪ್ಪರ ಏಳುತ್ತದೆ. ಅವರ ಪೂರ್ವಜರು ಈಜಿಪ್ಟ್ ಬಿಟ್ಟು ಮರುಭೂಮಿಯಲ್ಲಿ ಅಲೆದಾಗ ಇಂಥ ಗುಡಿಸಲಲ್ಲಿದ್ದರು ಅಂತ ನೆನಪು. ಮೇಲ್ಚಾವಣಿಗೆ ಕಡಿದು ತಂದ ಸೊಪ್ಪು, ಗರಿಯೇ ಬೇಕು. ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ರಾತ್ರಿ ಸಂದಿಯಲ್ಲಿ ನಕ್ಷತ್ರ ಕಾಣಿಸಬೇಕು. ಬೆಳೆದು ನಿಂತ ಮರದ ಕೆಳಗೆ ಕಟ್ಟುವಂತಿಲ್ಲ, ಹಾಗಾಗಿ ಜಾಗ ನೋಡುವಾಗಲೇ ತಲೆ ಎತ್ತಿ ನೋಡಿ. ಹಸಿ ಗರಿ ಎರಡೇ ದಿನಕ್ಕೆ ಬಾಡಿ ಮುದುಡುತ್ತದೆ, ಸಂದಿ ದೊಡ್ಡದಾಗುತ್ತದೆ. ನಾಲ್ಕು ಗರಿ ಹೆಚ್ಚಿಗೆ ತರಿಸಿ ನೆರಳಲ್ಲಿ ಇಟ್ಟಿರಿ. ಈ ಹೊತ್ತಿಗೆ ಸಂಜೆ ಗುಡುಗು ಮಳೆ ಇದ್ದದ್ದೇ. ಜನ ಇಲ್ಲದಾಗ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯಬಹುದು, ಊಟಕ್ಕೆ ಕೂರುವ ಮುಂಚೆ ಮಾತ್ರ ಪೂರ್ತಿ ಸರಿಸಬೇಕು. ಒಂದು ಬದಿಗೆ ಹಗ್ಗ ಕಟ್ಟಿ ಎಳೆಯುವ ಹಾಗೆ ಮಾಡಿಟ್ಟರೆ ಯಾರೂ ಏಣಿ ಹತ್ತಬೇಕಿಲ್ಲ. ಸೊಳ್ಳೆ ಬತ್ತಿ ಬೇಡವೇ ಬೇಡ. ಒಣಗಿದ ಗರಿಯ ಕೆಳಗೆ ಕಿಡಿ ಅಂದರೆ ನನಗೆ ಎದೆ ಡವಗುಟ್ಟುತ್ತದೆ. ದೀಪ ಇಡುವುದಾದರೆ ಗಾಜಿನೊಳಗೆ ಇಡಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.

ಚಪ್ಪರಕ್ಕೆ ಹಣ್ಣು ತೂಗುಹಾಕುತ್ತಾರೆ. ನಮ್ಮ ಕಡೆ ಚೌತಿಗೆ ಫಲಾವಳಿ ಕಟ್ಟಿದವರ ಕೈ ಇಲ್ಲಿ ತಾನಾಗಿ ಓಡುತ್ತದೆ. ಬಲಿತ ಆದರೆ ಹಣ್ಣಾಗದ ಮೋಸಂಬಿ, ಪೇರಳೆ, ದಾಳಿಂಬೆ ಆರಿಸಿ, ತೊಟ್ಟಿನ ಹತ್ತಿರವೇ ದಾರ ಬಿಗಿಯಿರಿ. ದಾರದ ನಡುವೆ ಎರಡು ಇಂಚು ಹರಳೆಣ್ಣೆ ಸವರಿದರೆ ಇರುವೆ ಇಳಿಯುವುದು ಕಮ್ಮಿ. ಕಟ್ಟಿದ ಹಣ್ಣನ್ನು ಹಬ್ಬ ಮುಗಿಯುವವರೆಗೆ ಕಿತ್ತು ತಿನ್ನುವಂತಿಲ್ಲ. ಮೊಮ್ಮಕ್ಕಳನ್ನು ಕರೆದೊಯ್ಯುವ ಮುಂಚೆಯೇ ಇದನ್ನು ಹೇಳಿಬಿಡಿ.

ಈ ಹಬ್ಬದ ಪೂಜೆಗೆ ಬೇಕಾಗುವ ಎತ್ರೋಗ್ ಅಂದರೆ ನಮ್ಮ ಮಾದಳ ಹಣ್ಣಿನ ಜಾತಿಯದ್ದೇ. ಅದರ ಮೂತಿಯಲ್ಲಿ ಸಣ್ಣ ತೊಟ್ಟು ಇದ್ದರೆ ಅದು ಮುರಿಯಬಾರದು, ಮುರಿದರೆ ಹಣ್ಣು ಪೂಜೆಗೆ ಕೆಟ್ಟಂತೆ. ನೋಡಬೇಕು ಅನ್ನಿಸಿದರೆ ಕಣ್ಣಲ್ಲೇ ನೋಡಿ, ಕೈ ಹಾಕಬೇಡಿ. ಹಬ್ಬ ಮುಗಿದ ಮೇಲೆ ಕೆಲವರು ಮುರಬ್ಬ ಮಾಡುತ್ತಾರೆ. ಹೊರದೇಶದಿಂದ ಬಂದ ಹಣ್ಣಿಗೆ ಕೀಟನಾಶಕ ಜಾಸ್ತಿ ಹೊಡೆದಿರುತ್ತಾರೆ, ಸಿಪ್ಪೆ ತಿನ್ನದಿರುವುದೇ ವಾಸಿ. ಅದರ ಮೈತುಂಬ ಲವಂಗ ಚುಚ್ಚಿ ಗಾಳಿಯಾಡುವ ಕಡೆ ಒಣಗಿಸಿಡಿ. ಶನಿವಾರ ಸಂಜೆ ಪ್ರಾರ್ಥನೆ ಮುಗಿಸುವಾಗ ಸುವಾಸನೆ ಮೂಸುವ ಕ್ರಮ ಅವರಲ್ಲಿದೆ, ಅದಕ್ಕೆ ತಿಂಗಳುಗಟ್ಟಲೆ ಒದಗುತ್ತದೆ.

ಸಿಮ್ಹತ್ ತೋರಾಗೆ ವಿಶೇಷ ಸಲಹೆ ಏನಿಲ್ಲ. ಧರ್ಮಗ್ರಂಥ ಓದಿ ಮುಗಿಸಿ, ಅದೇ ದಿನ ಮತ್ತೆ ಮೊದಲಿಂದ ಶುರುಮಾಡುತ್ತಾರೆ. ಸುರುಳಿಗಳನ್ನು ಎತ್ತಿಕೊಂಡು ಏಳು ಸುತ್ತು ಕುಣಿಯುತ್ತಾರೆ. ಮಕ್ಕಳಿಗೆ ಮಿಠಾಯಿ ಸಿಗುತ್ತದೆ. ಕಾಲಿಗೆ ಜಾರದ ಚಪ್ಪಲಿ ಹಾಕಿಕೊಳ್ಳಿ ಅಷ್ಟೇ.

ಚಪ್ಪರ ಬಿಚ್ಚುವ ದಿನ ಮಾತ್ರ ಜನ ಕಮ್ಮಿ ಇರುತ್ತಾರೆ, ಆವತ್ತು ಹೋಗಿ. ಗಂಟನ್ನು ಕತ್ತರಿಸದೆ ಬಿಚ್ಚಿದರೆ ಹಗ್ಗ ಮುಂದಿನ ವರ್ಷಕ್ಕೂ ಬರುತ್ತದೆ. ಬಿದಿರನ್ನು ಒರೆಸಿ, ಒಣಗಿಸಿ, ತುದಿಗೆ ಬೇವಿನೆಣ್ಣೆ ಹಚ್ಚಿ, ಯಾವುದು ಯಾವ ಮೂಲೆಯದ್ದು ಅಂತ ಬಣ್ಣದಲ್ಲಿ ನಂಬರ್ ಬರೆದಿಡಿ. ಗುಡಿಸುವಾಗ ಒಣಗಿದ ಉದ್ದ ತಾಳೆ ಸುಳಿಯೊಂದು ಕಂಡರೆ ಕಸಕ್ಕೆ ಹಾಕಬೇಡಿ. ಅದು ಲುಲಾವ್, ಸುಕ್ಕೋತ್ ಪೂಜೆಗೆ ಬಳಸಿದ್ದು. ಕೆಲವು ಮನೆಗಳಲ್ಲಿ ಅದನ್ನು ಎತ್ತಿಟ್ಟು, ಆರು ತಿಂಗಳ ನಂತರ ಪಾಸೋವರ್ (ಹುಳಿ ಹಿಟ್ಟಿನದ್ದೇನೂ ತಿನ್ನದ ಹಬ್ಬ) ಹಿಂದಿನ ದಿನ ಹುಳಿ ಹಿಟ್ಟಿನ ತಿಂಡಿಯ ಚೂರುಗಳನ್ನು ಸುಡಲು ಬಳಸುತ್ತಾರೆ. ಕೇಳಿ, ಅವರು ಹೇಳಿದ ಕಡೆ ಎತ್ತಿಡಿ.