ಮೆಷಿನ್ ಪಕ್ಕದ ಮ್ಯಾನ್ಯುಯಲ್‌ಗೆ ಯಾವ ಬೈಂಡಿಂಗ್?

ಪೀಣ್ಯದಲ್ಲಿ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್) ಮಾಡುವ ಕಂಪನಿಗೆ ನಾನು ಮ್ಯಾನ್ಯುಯಲ್ ಬರೆಯುತ್ತೇನೆ. ಪ್ರೆಸ್ಸಿನ ಕೆಲಸವೂ ನನ್ನ ತಲೆಗೇ ಬಂತು. ಆಪರೇಟರ್ ಮ್ಯಾನ್ಯುಯಲ್ 240 ಪುಟ, ಎ5 ಸೈಜ್, 80 ಜಿಎಸ್‌ಎಂ ಕಾಗದ.

ಸೆಂಟರ್ ಪಿನ್, ಅಂದರೆ ಹಾಳೆ ಮಡಚಿ ನಡುವೆ ಪಿನ್ ಹೊಡೆಯುವುದು, ಅದರ ಮಾತೇ ಇರಲಿಲ್ಲ. ಅದು 60-70 ಪುಟಕ್ಕೆ ಸರಿ. ದಪ್ಪ ಜಾಸ್ತಿಯಾದರೆ ಪುಸ್ತಕ ಬಾಯಿ ಬಿಟ್ಟುಕೊಂಡೇ ಇರುತ್ತದೆ.

ಪ್ರೆಸ್‌ನವರು ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಗೋಂದು ಹಾಕಿ ಕವರ್ ಅಂಟಿಸುವುದು) ಮಾಡಿಸಿ ಅಂತ ಹಟ ಹಿಡಿದರು. ನೋಡೋಕೆ ಚೆಂದ, ರೇಟೂ ಕಡಿಮೆ, ಬೆನ್ನಿನ ಮೇಲೆ ಹೆಸರು ಹಾಕಬಹುದು. ಆದರೆ ಇದೇ ಬೈಂಡಿಂಗಿನ ನಮ್ಮ ಹಳೆ ಮ್ಯಾನ್ಯುಯಲ್ ಶಾಪ್ ಫ್ಲೋರಿನಲ್ಲಿ ಹೇಗಿದೆ ಅಂತ ಹೋಗಿ ನೋಡಿದೆ. ಅಲಾರಂ ಕೋಡ್‌ಗಳ ಪುಟ ಮುಚ್ಚಿಕೊಳ್ಳದಿರಲಿ ಅಂತ ಆಪರೇಟರ್ ಅದರ ಮೇಲೆ ಚಕ್ಕಿನ ಜಾ (ಲೇತಿನಲ್ಲಿ ಕೆಲಸದ ತುಂಡನ್ನು ಹಿಡಿಯುವ ಭಾರದ ಉಕ್ಕಿನ ತುಂಡು) ಹೇರಿದ್ದ. ಬೆನ್ನು ಅಲ್ಲೇ ಸೀಳಿತ್ತು. ದಿನಾ ಬೇಕಾಗುವ ನಾಲ್ಕು ಹಾಳೆ ಕಿತ್ತು ಬಂದಿದ್ದವು, ಉಳಿದದ್ದೆಲ್ಲ ಹೊಸದರ ಹಾಗೆ! ಎರಡೂ ಕೈಯಲ್ಲಿ ಎಣ್ಣೆ ಇರುವವನು ಪುಸ್ತಕ ಹಿಡಿದು ನಿಲ್ಲುವುದಿಲ್ಲ, ಅಲ್ವಾ? ಪಿಯುಆರ್ (ಪಾಲಿಯುರೆಥೇನ್) ಗೋಂದು ಬೈಂಡಿಂಗಿನ ಮಾಮೂಲಿ ಗೋಂದು ಹಾಟ್ ಮೆಲ್ಟಿಗಿಂತ ಗಟ್ಟಿ, ಹಾಳೆ ಕೀಳುವುದಿಲ್ಲ. ಆದರೂ ಪುಸ್ತಕ ತಾನಾಗಿ ಪೂರ್ತಿ ತೆರೆದು ಮಲಗುವುದಿಲ್ಲ.

ಹಾಗಾಗಿ ವೈರೋ, ಅಂದರೆ ಅಂಚಿನ ತೂತುಗಳಲ್ಲಿ ಜೋಡಿ ತಂತಿಯ ಬಳೆಗಳನ್ನು ಹಾಕಿ ಮುಚ್ಚುವ ಬೈಂಡಿಂಗ್. ಮಡಚಿ ಹಿಂದಕ್ಕೆ ತಿರುಗಿಸಿದರೂ ಏನೂ ಆಗಲ್ಲ. ಒಂದೇ ಸುರುಳಿ ಹಾಕುವ ಸ್ಪೈರಲ್ ಕೂಡ ಹೀಗೇ ತಿರುಗುತ್ತದೆ, ಆದರೆ ತೆರೆದಾಗ ಎಡ-ಬಲ ಪುಟಗಳು ಸ್ವಲ್ಪ ಮೇಲೆ ಕೆಳಗೆ ಸರಿಯುತ್ತವೆ. ಎರಡು ಪುಟಕ್ಕೆ ಹರಡಿದ ಟೇಬಲ್ ಓದುವವರಿಗೆ ಅದು ಕಿರಿಕಿರಿ.

120 ಹಾಳೆ ಅಂದರೆ ಸುಮಾರು 12 ಮಿ.ಮೀ. ದಪ್ಪ. ಅದಕ್ಕೆ ಅರ್ಧ ಇಂಚಿನ ವೈರ್ ಬಿಗಿಯಾಗುತ್ತದೆ, 14.3 ಮಿ.ಮೀ. ಹಾಕಿಸಿದೆ. 3:1, ಅಂದರೆ ಇಂಚಿಗೆ ಮೂರು ತೂತಿನ ಲೆಕ್ಕದಲ್ಲಿ ಸಿಗುವ ದಪ್ಪ ವೈರ್ ಸಾಮಾನ್ಯವಾಗಿ ಇದೇ. ಇದಕ್ಕಿಂತ ದಪ್ಪ ಬೇಕಾದರೆ ಇಂಚಿಗೆ ಎರಡು ತೂತಿನ 2:1ಕ್ಕೆ ಹೋಗಬೇಕು. ಒಳಗಿನ ಮಾರ್ಜಿನ್ 20 ಮಿ.ಮೀ. ಬಿಟ್ಟೆ. ಇದನ್ನು ಪೇಜ್ ಕಟ್ಟುವಾಗಲೇ ಮಾಡಿಕೊಳ್ಳಿ, ಇಲ್ಲದಿದ್ದರೆ ತೂತು ಅಕ್ಷರವನ್ನೇ ತಿನ್ನುತ್ತದೆ.

ವೈರೋದ ದೊಡ್ಡ ಶತ್ರು ಭಾರ. ಒಂದರ ಮೇಲೊಂದು ಪೇರಿಸಿದರೆ ವೈರ್ ಚಪ್ಪಟೆಯಾಗಿ ಹಾಳೆ ತಿರುಗುವುದೇ ಇಲ್ಲ. ಬಾಕ್ಸಿನಲ್ಲಿ ಒಂದು ಬಿಟ್ಟು ಒಂದನ್ನು ತಿರುಗಿಸಿ ಇಡಿ ಅಂತ ಪ್ಯಾಕಿಂಗ್‌ನವರಿಗೆ ಹೇಳಿದ್ದೇನೆ.

ಎಲೆಕ್ಟ್ರಿಕಲ್ ಡ್ರಾಯಿಂಗ್‌ಗೆ ಮಾತ್ರ ಡಿ-ರಿಂಗ್ ಫೈಲ್ (ತೆರೆದು ಮುಚ್ಚುವ ಡಿ ಆಕಾರದ ರಿಂಗ್ ಇರುವ ಫೈಲ್). ಗಿರಾಕಿ ಏನಾದರೂ ಬದಲಾಯಿಸಿದರೆ ಆ ಹಾಳೆ ಒಂದನ್ನೇ ಬದಲಿಸಿದರೆ ಸಾಕು. ಬಿಡಿಭಾಗಗಳ ಕ್ಯಾಟಲಾಗ್ ಓದುವವರು ಪರ್ಚೇಸ್‌ನವರು, ಮೇಜಿನ ಮುಂದೆ ಕೂತು. ಅದಕ್ಕೆ ಪ್ರೆಸ್‌ನವರು ಹೇಳಿದ ಪರ್ಫೆಕ್ಟ್ ಬೈಂಡಿಂಗನ್ನೇ ಹಾಕಿಸಿದೆ.